ತೂಗುವ ಯಂತ್ರ, ಎಣಿಸುವ ಯಂತ್ರ: ಬೆನ್ನಿನ ದ್ರವ ಎಲ್ಲಿ ಸೋರುತ್ತಿದೆ ಎಂದು ಹುಡುಕುವ ಬಗ್ಗೆ

(ನಮ್ಮೂರ ಗ್ರಂಥಾಲಯದ ಮಹಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಬಂದವರಲ್ಲಿ ಕೆಲವರು ಬರೆದುಕೊಡಿ ಎಂದರು. ಅಲ್ಲಿ ತಡವರಿಸಿದ್ದನ್ನು ಇಲ್ಲಿ ಸ್ವಲ್ಪ ನೇರ ಮಾಡಿದ್ದೇನೆ. ನಾನು ರೇಡಿಯಾಲಜಿಸ್ಟ್, ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ಸ್ಕ್ಯಾನ್ ಓದುವವನು. ಎದುರಿಗೆ ಜನ ಕೂತರೆ ತಡವರಿಸುವುದು ಸಹಜ.)

ಸೈಕಲ್ ಪಂಕ್ಚರ್ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ಟ್ಯೂಬು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಮುಳುಗಿಸುತ್ತಾ ತಿರುಗಿಸುತ್ತಾನೆ. ಗುಳ್ಳೆ ಎದ್ದ ಕಡೆ ತೂತು. ದೊಡ್ಡ ತೂತಾದರೆ ನೀರೆಲ್ಲ ಕುದಿದಂತಾಗಿ ಗುಳ್ಳೆ ಎಲ್ಲಿಂದ ಎದ್ದಿತೆಂದೇ ತಿಳಿಯುವುದಿಲ್ಲ. ಸಣ್ಣದಾದರೆ ಕಣ್ಣು ನೆಟ್ಟು ಕಾಯಬೇಕು, ಟ್ಯೂಬನ್ನು ಹಿಗ್ಗಿಸಿ ನೋಡಬೇಕು. ಈ ಸಂಜೆಯ ನನ್ನ ಕತೆಯೂ ಅದೇ. ವ್ಯತ್ಯಾಸ ಒಂದೇ: ನಮ್ಮ ಟ್ಯೂಬನ್ನು ಹೊರಗೆ ತೆಗೆಯುವ ಹಾಗಿಲ್ಲ. ಅದು ಬೆನ್ನುಮೂಳೆಯ ಒಳಗಿದೆ, ಅದರೊಳಗೆ ಬೆನ್ನುಹುರಿ ಇದೆ, ಸುತ್ತ ದ್ರವ ಇದೆ.

ಪಠ್ಯಪುಸ್ತಕದಲ್ಲಿ ಅದನ್ನು ಮಿದುಳುಬಳ್ಳಿಯ ದ್ರವ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ನಾವೆಲ್ಲ ಸಿ.ಎಸ್.ಎಫ್. ಅನ್ನುತ್ತೇವೆ. ದೊಡ್ಡವರಲ್ಲಿ ಒಟ್ಟು ಸುಮಾರು 150 ಮಿಲಿಲೀಟರ್, ಒಂದು ಲೋಟದಷ್ಟು. ಆದರೆ ದಿನಕ್ಕೆ ಸುಮಾರು 500 ಮಿಲಿಲೀಟರ್ ಹೊಸದಾಗಿ ತಯಾರಾಗುತ್ತದೆ, ಅಷ್ಟೇ ಇಂಗಿ ರಕ್ತಕ್ಕೆ ಸೇರುತ್ತದೆ. ಮಿದುಳು ಈ ನೀರಿನಲ್ಲಿ ತೇಲುತ್ತಿರುತ್ತದೆ. ಇದನ್ನೆಲ್ಲ ಹಿಡಿದಿಟ್ಟ ಚೀಲದ ಹೊರಪದರಕ್ಕೆ ಡ್ಯೂರಾ ಎಂದು ಹೆಸರು. ಬೆನ್ನಿನಲ್ಲಿ ಎಲ್ಲೋ ಆ ಡ್ಯೂರಾ ತೂತಾದರೆ ನೀರು ಕಡಿಮೆಯಾಗಿ, ಎದ್ದು ನಿಂತಾಗ ಮಿದುಳು ಕೆಳಗೆ ಜಗ್ಗುತ್ತದೆ. ತಲೆ ಸಿಡಿಯುತ್ತದೆ. ಮಲಗಿದರೆ ಹತ್ತು ಹದಿನೈದು ನಿಮಿಷದಲ್ಲಿ ನೋವು ಇಳಿಯುತ್ತದೆ. ‘ಮಲಗಿದರೆ ವಾಸಿ, ಎದ್ದರೆ ನೋವು’ ಎಂದು ಹೇಳುವವರನ್ನು ಮನೆಯವರು ಸೋಮಾರಿ ಎಂದುಕೊಳ್ಳುತ್ತಾರೆ. ವೈದ್ಯರು ಮೈಗ್ರೇನ್ ಎಂದು ಬರೆಯುತ್ತಾರೆ. ನಾನೂ ಎಷ್ಟೋ ಸಲ ಹಾಗೆಂದೇ ನಂಬಿದ್ದೆ.

ಈ ನೋವನ್ನು ಸ್ವತಃ ಅನುಭವಿಸಿ ಬರೆದಿಟ್ಟ ಮೊದಲಿಗರಲ್ಲಿ ಒಬ್ಬ ಜರ್ಮನಿಯ ಶಸ್ತ್ರವೈದ್ಯ ಔಗುಸ್ಟ್ ಬೀರ್. 1898ರ ಆಗಸ್ಟ್‌ನಲ್ಲಿ ಕೀಲ್ ನಗರದಲ್ಲಿ ಬೆನ್ನಿಗೆ ಕೊಕೇನ್ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸುವ ಪ್ರಯೋಗವನ್ನು ತನ್ನ ಮೇಲೇ ಮಾಡಿಸಿಕೊಂಡ. ಚುಚ್ಚಿದವನು ಸಹಾಯಕ ಹಿಲ್ಡೆಬ್ರಾಂಟ್. ಸಿರಿಂಜು ಸೂಜಿಗೆ ಸರಿಯಾಗಿ ಕೂರಲಿಲ್ಲ, ಔಷಧಿ ಒಳಗೆ ಹೋಗುವ ಬದಲು ದ್ರವವೆಲ್ಲ ಹೊರಗೆ ಸುರಿಯಿತು. ಆಮೇಲೆ ಹಿಲ್ಡೆಬ್ರಾಂಟ್ ತಾನೇ ಬೆನ್ನು ಕೊಟ್ಟ. ಈ ಸಲ ಪ್ರಯೋಗ ಫಲಿಸಿತು. ಬೀರ್ ಅವನ ಮೊಣಕಾಲ ಕೆಳಗಿನ ಎಲುಬಿಗೆ ಸುತ್ತಿಗೆಯಲ್ಲಿ ಹೊಡೆದು ನೋಡಿದ, ನೋವಿಲ್ಲ! ರಾತ್ರಿ ಇಬ್ಬರೂ ವೈನ್ ಕುಡಿದು ಸಂಭ್ರಮಿಸಿದರು. ಮಾರನೆಯ ದಿನದಿಂದ ಬೀರ್‌ಗೆ ಎದ್ದರೆ ತಲೆನೋವು, ಮಲಗಿದರೆ ಮಾಯ. ಸುಮಾರು ಒಂಬತ್ತು ದಿನ ಹಾಸಿಗೆ ಹಿಡಿದ.

ಬೀರ್‌ನ ತೂತು ಎಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಸೂಜಿ ಹಾಕಿದ ಜಾಗವೇ. ನಮ್ಮ ಕಷ್ಟ ತೂತು ತಾನಾಗಿಯೇ ಆದವರದು. ಸೂಜಿ ಇಲ್ಲ, ಪೆಟ್ಟಿಲ್ಲ, ಒಂದು ದಿನ ಎದ್ದಾಗ ತಲೆನೋವು ಶುರು. 1938ರಲ್ಲಿ ಜರ್ಮನಿಯ ನರವೈದ್ಯ ಗೇಯೋರ್ಗ್ ಷಾಲ್ಟನ್‌ಬ್ರಾಂಟ್ ಇಂಥದ್ದೊಂದು ಕಾಯಿಲೆಯಿದೆ ಎಂದು ಬರೆದ. ಆದರೆ ತೂತು ಎಲ್ಲಿ, ಎಷ್ಟು ಬಗೆ ಎಂದು ತಿಳಿಯಲು ಇನ್ನೂ ಎಪ್ಪತ್ತೆಂಬತ್ತು ವರ್ಷ ಹಿಡಿಯಿತು.

ಬಗೆಗಳನ್ನು ಹೇಳದೆ ಯಂತ್ರದ ಮಾತಿಗೆ ಹೋದರೆ ಅರ್ಥವಾಗುವುದಿಲ್ಲ. ಒಂದನೆಯದು ನಿಜವಾದ ಸೀಳು. ಎರಡು ಕಶೇರುಗಳ (ಬೆನ್ನುಮೂಳೆಯ ಬಿಡಿ ಎಲುಬುಗಳ) ನಡುವಿನ ಮೆತ್ತೆಯಂಥ ಡಿಸ್ಕಿನಿಂದ ಸುಣ್ಣಗಟ್ಟಿದ ಮುಳ್ಳೊಂದು ಹಿಂದಕ್ಕೆ ಬೆಳೆದು ಡ್ಯೂರಾದ ಮುಂಭಾಗವನ್ನು ಸೀಳುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ತಂಡ ಈ ಮುಳ್ಳುಗಳನ್ನು ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಾರೆ ಕಂಡು ತೋರಿಸಿತು. ಎರಡನೆಯದು ನರ ಹೊರಬರುವ ಜಾಗದಲ್ಲಿ ಡ್ಯೂರಾ ಉಬ್ಬಿ ಬಲೂನಿನಂತಾಗಿ ಸೋರುವುದು. ಮೂರನೆಯದು ವಿಚಿತ್ರ. ಇಲ್ಲಿ ದ್ರವ ಹೊರಗೆ ಚೆಲ್ಲುವುದೇ ಇಲ್ಲ, ನೇರವಾಗಿ ಪಕ್ಕದ ಒಂದು ಸಣ್ಣ ಅಭಿಧಮನಿಗೆ ಹರಿದುಹೋಗುತ್ತದೆ. ಮನೆಯ ನಲ್ಲಿಯನ್ನು ಯಾರೋ ಗೋಡೆಯೊಳಗೆ ಚರಂಡಿ ಪೈಪಿಗೆ ಜೋಡಿಸಿಟ್ಟ ಹಾಗೆ: ನೆಲ ಒದ್ದೆಯಾಗುವುದಿಲ್ಲ, ಟ್ಯಾಂಕು ಮಾತ್ರ ಖಾಲಿಯಾಗುತ್ತಿರುತ್ತದೆ. ಇದನ್ನು ಲಾಸ್ ಏಂಜಲಿಸ್‌ನ ಸೀಡರ್ಸ್-ಸೈನಾಯ್ ಆಸ್ಪತ್ರೆಯ ವೌಟರ್ ಸ್ಕೀವಿಂಕ್ ಮತ್ತು ಜೊತೆಗಾರರು ವಿವರಿಸಿದ್ದು 2014ರಲ್ಲಿ. ಅಂದರೆ ನಾನು ಓದಿ ಮುಗಿಸುವಾಗ ಪುಸ್ತಕದಲ್ಲಿ ಈ ಮಾತೇ ಇರಲಿಲ್ಲ. ಇಲ್ಲದ್ದನ್ನು ಹುಡುಕುವವರು ಯಾರು?

ಮೊದಲು ಎಂ.ಆರ್.ಐ. ಮಾಡುತ್ತೇವೆ, ಅದರಲ್ಲಿ ತಕರಾರಿಲ್ಲ. ಮಿದುಳು ಜಗ್ಗಿದೆಯೇ, ಸುತ್ತಲ ಪದರ ಹೊಳೆಯುತ್ತಿದೆಯೇ, ಅಭಿಧಮನಿಗಳು ಊದಿವೆಯೇ ಎಂದು ನೋಡಿ ಅಂಕ ಕೊಡುವ ಪದ್ಧತಿ ಇದೆ, ಬರ್ನ್ ಸ್ಕೋರ್, 9ಕ್ಕೆ. 5 ಅಥವಾ ಹೆಚ್ಚು ಬಂದರೆ ಬೆನ್ನಿನಲ್ಲಿ ಸೋರಿಕೆ ಸಿಗುವ ಸಾಧ್ಯತೆ ಜಾಸ್ತಿ. ಆದರೆ ಈ ಕಾಯಿಲೆಯವರಲ್ಲಿ ಐವರಲ್ಲಿ ಸುಮಾರು ಒಬ್ಬರ ಮಿದುಳಿನ ಎಂ.ಆರ್.ಐ. ಸರಿಯಾಗಿಯೇ ಕಾಣುತ್ತದೆ. ಎಂ.ಆರ್.ಐ. ಟ್ಯಾಂಕು ಖಾಲಿಯಾಗಿದೆ ಎನ್ನುತ್ತದೆ, ಹೆಚ್ಚೆಂದರೆ ನೆಲ ಒದ್ದೆಯಾಗಿದೆ ಎನ್ನುತ್ತದೆ. ಎಲ್ಲಿ ಒಡೆದಿದೆ ಎಂದು ಹೇಳುವುದು ಅಪರೂಪ. ಅದಕ್ಕೆ ಮೈಲೋಗ್ರಾಂ ಬೇಕು: ಸೊಂಟದಲ್ಲಿ ಸೂಜಿ ಹಾಕಿ ಕಾಂಟ್ರಾಸ್ಟ್ ಬಿಟ್ಟು (ಅಯೋಡಿನ್ ಇರುವ, ಎಕ್ಸ್‌ರೇಯಲ್ಲಿ ಬಿಳಿಯಾಗಿ ಕಾಣುವ ದ್ರವ), ಅದು ಎಲ್ಲಿ ಹೊರಗೆ ಹೋಗುತ್ತದೆಂದು ನೋಡುವುದು.

ಮೈಲೋಗ್ರಾಂ ಸಿ.ಟಿ.ಗಿಂತ, ಅಂದರೆ ಸುತ್ತಲಿಂದ ಎಕ್ಸ್‌ರೇ ಹಾಯಿಸಿ ಮೈಯ ಅಡ್ಡಹೋಳುಗಳ (ಸ್ಲೈಸ್) ಚಿತ್ರ ಕೊಡುವ ಯಂತ್ರಕ್ಕಿಂತ, ಐವತ್ತು ವರ್ಷ ಹಳೆಯದು. 1919ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ಗಾಳಿ ತುಂಬಿ ನೋಡಿದ, ಅದಾದ ಎರಡು ಮೂರು ವರ್ಷಕ್ಕೆ ಪ್ಯಾರಿಸ್ಸಿನಲ್ಲಿ ಸಿಕಾರ್ ಮತ್ತು ಫಾರೆಸ್ಟಿಯೇ ಅಯೋಡಿನ್ ಬೆರೆತ ಎಣ್ಣೆ ಬಳಸಿದರು. ಎಣ್ಣೆ ಒಳಗೇ ಉಳಿದು ಉರಿಯೂತ ತರುತ್ತಿತ್ತು. ನೀರಲ್ಲಿ ಕರಗುವ, ಹೆಚ್ಚು ಸುರಕ್ಷಿತ ಕಾಂಟ್ರಾಸ್ಟ್ ಬಂದದ್ದು ಎಪ್ಪತ್ತರ ದಶಕದಲ್ಲಿ. ಆ ಹೊತ್ತಿಗೆ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕಂಡುಹಿಡಿದ ಸಿ.ಟಿ. ಯಂತ್ರವೂ ಬಂದಿತ್ತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸಿ.ಟಿ. ತೆಗೆದಾಗ ಚಿತ್ರದಲ್ಲಿದ್ದದ್ದು 80 ಅಡ್ಡ, 80 ಉದ್ದ ಚೌಕಗಳು. ಆ ಚೌಕದ ಲೆಕ್ಕ ನೆನಪಿಡಿ, ಆಮೇಲೆ ಬರುತ್ತದೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ. ನಾವು ಕಲಿತ ಸಿ.ಟಿ. ಮೈಲೋಗ್ರಾಂ ಹೇಗಿತ್ತು ಗೊತ್ತೆ? ಒಂದು ಕೋಣೆಯಲ್ಲಿ ಎಕ್ಸ್‌ರೇ ನೋಡುತ್ತಾ ಕಾಂಟ್ರಾಸ್ಟ್ ಹಾಕುವುದು. ಸೂಜಿ ತೆಗೆದು, ರೋಗಿಯನ್ನು ಟ್ರಾಲಿಗೆ ಹತ್ತಿಸಿ, ಕಾರಿಡಾರಿನಲ್ಲಿ ತಳ್ಳಿಕೊಂಡು, ಸಿ.ಟಿ. ಖಾಲಿ ಇಲ್ಲದಿದ್ದರೆ ಬಾಗಿಲಲ್ಲಿ ಕಾದು, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಆದ ಮೇಲೆ ಅಂಗಾತ ಮಲಗಿಸಿ ಸ್ಕ್ಯಾನ್. ಡಿಸ್ಕ್ ಒತ್ತುವುದನ್ನು ನೋಡಲು ಇದು ಸಾಕಿತ್ತು. ಸೋರಿಕೆಗೆ ಇದು ಪಂಕ್ಚರ್ ಟ್ಯೂಬನ್ನು ಬಾಣಲೆಯಲ್ಲಿ ಬಿಟ್ಟು ಚಹಾ ಕುಡಿದು ಬಂದು ನೋಡಿದಂತೆ. ಮೊದಲನೆಯ ಬಗೆಯ ಸೀಳಿನಲ್ಲಿ ಕಾಂಟ್ರಾಸ್ಟ್ ಕೆಲವು ಸೆಕೆಂಡಿನಲ್ಲಿ ಹೊರಬಿದ್ದು ಬೆನ್ನುದ್ದಕ್ಕೂ ಹರಡಿಬಿಡುತ್ತದೆ. ಅರ್ಧ ಗಂಟೆಯ ನಂತರ ಕತ್ತಿನಿಂದ ಸೊಂಟದವರೆಗೆ ಎಲ್ಲ ಕಡೆ ಬಿಳಿ. ತೂತು ಕೆಲವೇ ಮಿಲಿಮೀಟರು.

ಆದ್ದರಿಂದ ಈಗ ಸೂಜಿ ಹಾಕುವುದೇ ಸಿ.ಟಿ. ಟೇಬಲ್ಲಿನ ಮೇಲೆ. ಮುಂಭಾಗದ ಸೀಳಿನ ಅನುಮಾನವಿದ್ದರೆ ರೋಗಿಯನ್ನು ಬೋರಲು ಮಲಗಿಸಿ, ಸೊಂಟ ಎತ್ತರ, ತಲೆ ತಗ್ಗು ಮಾಡುತ್ತೇವೆ. ಕಾಂಟ್ರಾಸ್ಟ್ ದ್ರವಕ್ಕಿಂತ ಭಾರ. ಇಳಿಜಾರಿನಲ್ಲಿ ಹೊಟ್ಟೆಯ ಕಡೆಯ ಗೋಡೆಗೆ ಅಂಟಿಕೊಂಡು ತಲೆಯತ್ತ ಹರಿಯುತ್ತದೆ. ಹಾಕುತ್ತಿದ್ದಂತೆ ಒಂದು ಸ್ಕ್ಯಾನ್, ಮತ್ತೆ ಒಂದು, ಬೇಕಿದ್ದರೆ ಮತ್ತೊಂದು. ಒಂದು ಎಳೆ ಎರಡಾಗಿ ಕವಲೊಡೆಯುವ ಜಾಗವೇ ತೂತು. ಇದರ ಹೆಸರು ಡೈನಾಮಿಕ್ ಸಿ.ಟಿ. ಮೈಲೋಗ್ರಾಂ.

ಇದಕ್ಕೆ ಎದುರಾಳಿ ಡಿಜಿಟಲ್ ಸಬ್‌ಟ್ರ್ಯಾಕ್ಷನ್ ಮೈಲೋಗ್ರಾಂ. ಅದು ಸಿ.ಟಿ. ಅಲ್ಲ, ಹೃದಯದ ಆಂಜಿಯೋಗ್ರಾಂ ಮಾಡುವಂಥ ಕೋಣೆಯಲ್ಲಿ, ಸೆಕೆಂಡಿಗೊಂದೆರಡು ಚಿತ್ರದಂತೆ ನಿರಂತರ ಎಕ್ಸ್‌ರೇ ತೆಗೆಯುತ್ತಾ, ಮೊದಲ ಚಿತ್ರವನ್ನು ಉಳಿದವುಗಳಿಂದ ಕಳೆಯುವುದು. ಎಲುಬು ಅಳಿಸಿಹೋಗಿ ಹರಿಯುವ ಕಾಂಟ್ರಾಸ್ಟ್ ಮಾತ್ರ ಉಳಿಯುತ್ತದೆ. ಸಮಯವನ್ನು ಹಿಡಿಯುವುದರಲ್ಲಿ ಇದನ್ನು ಮೀರಿಸಿದ್ದಿಲ್ಲ. ಆದರೆ ರೋಗಿ ಅಲುಗಿದರೆ, ಉಸಿರಾಡಿದರೆ ಕಳೆಯುವ ಲೆಕ್ಕ ತಪ್ಪುತ್ತದೆ. ಹಾಗಾಗಿ ಹಲವು ಕಡೆ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ಚಿತ್ರವೂ ಚಪ್ಪಟೆ: ಒಂದರ ಹಿಂದೆ ಒಂದಿದ್ದರೆ ಬೇರೆ ಮಾಡಿ ನೋಡಲಾಗದು. ಅಮೆರಿಕದ ಮೇಯೋ ಕ್ಲಿನಿಕ್ ಈ ವಿಧಾನದಲ್ಲಿ ಹೆಸರು ಮಾಡಿತು, ಡ್ಯೂಕ್ ವಿಶ್ವವಿದ್ಯಾಲಯದವರು ಮಗ್ಗುಲಾಗಿ ಮಲಗಿಸಿ ಮಾಡುವ ಸಿ.ಟಿ. ಮೈಲೋಗ್ರಾಂನಲ್ಲಿ. ಎರಡು ಮನೆತನ ಇದ್ದ ಹಾಗೆ. ಲೇಖನ ಓದುವಾಗ ಯಾವ ಮನೆಯವರು ಬರೆದದ್ದು ಎಂದು ಮೊದಲು ನೋಡುವ ಅಭ್ಯಾಸ ನನಗಿದೆ. ಆಂಜಿಯೋ ಯಂತ್ರವನ್ನೇ ರೋಗಿಯ ಸುತ್ತ ತಿರುಗಿಸಿ ಸಿ.ಟಿ.ಯಂಥ ಚಿತ್ರ ಪಡೆಯುವ ಕೋನ್ ಬೀಮ್ ಎಂಬ ನಡುದಾರಿಯೂ ಇದೆ, ಅದನ್ನು ಇವತ್ತು ಬಿಡುತ್ತೇನೆ.

ಮಗ್ಗುಲು ಏಕೆ? ಮೂರನೆಯ ಬಗೆಗಾಗಿ, ಆ ಗೋಡೆಯೊಳಗಿನ ಚರಂಡಿಗಾಗಿ. ಅಭಿಧಮನಿ ನರದ ಬುಡದಿಂದ ಪಕ್ಕಕ್ಕೆ ಹೊರಡುತ್ತದೆ. ಆ ಮಗ್ಗುಲನ್ನು ಕೆಳಗೆ ಮಾಡಿ ಮಲಗಿಸಿದರೆ ಭಾರದ ಕಾಂಟ್ರಾಸ್ಟ್ ಅಲ್ಲಿ ಸೇರುತ್ತದೆ. ಎಡಕ್ಕೊಂದು, ಬಲಕ್ಕೊಂದು, ಹಲವು ಸಲ ಎರಡು ಬೇರೆ ದಿನ. ಹೆಚ್ಚಿನವು ಎದೆಯ ಭಾಗದ ಕಶೇರುಗಳಲ್ಲಿ ಸಿಗುತ್ತವೆ, ಬಲಗಡೆ ತುಸು ಜಾಸ್ತಿ.

ಇನ್ನೊಂದು ಸಂಗತಿ ಉಸಿರು. ಸಭೆಯಲ್ಲಿ ಎಲ್ಲರಿಗೂ ಒಂದೊಂದು ಸ್ಟ್ರಾ ಹಂಚಿದ್ದೆ. ಅದರ ತುದಿಯನ್ನು ಬೆರಳಲ್ಲಿ ಅರ್ಧ ಹಿಸುಕಿ, ಅದರ ಮೂಲಕ ಜೋರಾಗಿ ಉಸಿರೆಳೆದುಕೊಳ್ಳಿ ಎಂದೆ. ಮುಂದಿನ ಸಾಲಿನ ಹಿರಿಯರೊಬ್ಬರ ಕತ್ತಿನ ಕುಳಿ ಒಳಗೆ ಎಳೆದುಕೊಂಡದ್ದು ಎಲ್ಲರಿಗೂ ಕಾಣಿಸಿತು. ಆಗ ಎದೆಗೂಡಿನ ಒತ್ತಡ ಕುಸಿಯುತ್ತದೆ, ಅಲ್ಲಿನ ಅಭಿಧಮನಿಗಳ ಒತ್ತಡವೂ ಕುಸಿಯುತ್ತದೆ, ಬೆನ್ನಿನ ದ್ರವವನ್ನು ಆ ಸಣ್ಣ ಅಭಿಧಮನಿ ಇನ್ನಷ್ಟು ಎಳೆದುಕೊಳ್ಳುತ್ತದೆ. ಸ್ಕ್ಯಾನ್ ನಡೆಯುವ ಆ ಕೆಲವು ಸೆಕೆಂಡು ರೋಗಿಗೆ ಸ್ಟ್ರಾದಲ್ಲಿ ಉಸಿರೆಳೆಯಿರಿ ಎನ್ನುತ್ತೇವೆ. ಉಸಿರು ಬಿಟ್ಟಾಗ ತೆಗೆದ ಸ್ಕ್ಯಾನಿನಲ್ಲಿ ಕಾಣದ ಅಭಿಧಮನಿ ಎಳೆದಾಗ ಬೆಳಗುವುದುಂಟು.

ಇನ್ನು ಯಂತ್ರ. ನನ್ನ ಮಾತಿಗೆ ಜನ ಬಂದದ್ದೇ ‘ಫೋಟಾನ್ ಎಣಿಸುವ ಸಿ.ಟಿ.’ ಎಂಬ ಹೆಸರು ನೋಡಿ.

ದೇವಸ್ಥಾನದ ಹುಂಡಿ ಎಣಿಕೆ ನೋಡಿದ್ದೀರಲ್ಲ? ಹುಂಡಿಯಲ್ಲಿ ಎಷ್ಟಿದೆ ಎಂದು ತಿಳಿಯಲು ಎರಡು ದಾರಿ. ಒಂದು, ನಾಣ್ಯದ ಮೂಟೆಯನ್ನು ತಕ್ಕಡಿಗೆ ಹಾಕಿ ತೂಗುವುದು. ಇನ್ನೊಂದು, ಜಮಖಾನ ಹಾಸಿ ಜನರನ್ನು ಕೂರಿಸಿ ಒಂದೊಂದಾಗಿ ಎಣಿಸಿ ಬೇರೆ ಬೇರೆ ರಾಶಿ ಮಾಡುವುದು. ಹೌನ್ಸ್‌ಫೀಲ್ಡ್ ಕಾಲದಿಂದ ನಮ್ಮ ಆಸ್ಪತ್ರೆಗಳಲ್ಲಿರುವ ಸಿ.ಟಿ.ಗಳೆಲ್ಲ ತೂಗುವ ಯಂತ್ರಗಳು. ಮೈ ದಾಟಿ ಬಂದ ಎಕ್ಸ್‌ರೇ ಕಣ, ಅಂದರೆ ಫೋಟಾನ್, ಆಚೆ ಕಡೆ ಅದನ್ನು ಹಿಡಿದು ಅಳೆಯುವ ಡಿಟೆಕ್ಟರಿಗೆ ಬಡಿದು ಬೆಳಕಾಗುತ್ತದೆ, ಬೆಳಕು ವಿದ್ಯುತ್ತಾಗುತ್ತದೆ, ಒಂದು ಕ್ಷಣದಲ್ಲಿ ಬಿದ್ದದ್ದೆಲ್ಲ ಒಟ್ಟು ಎಷ್ಟು ಎಂದು ಅಳೆಯುತ್ತದೆ. ಇಲ್ಲಿ ಮೂರು ನಷ್ಟ. ಭಾರದ ನಾಣ್ಯಗಳ ಮಾತೇ ಮೇಲಾಗುತ್ತದೆ, ಅಂದರೆ ಹೆಚ್ಚು ಶಕ್ತಿಯ ಕಣಗಳದು. ಅಯೋಡಿನ್ ಚೆನ್ನಾಗಿ ತಡೆದು ತೋರಿಸುವುದು ಕಡಿಮೆ ಶಕ್ತಿಯ ಕಣಗಳನ್ನು. ಅವುಗಳ ದನಿ ಅಡಗಿಹೋಗುತ್ತದೆ. ಎರಡನೆಯದು ಮೂಟೆಯ ತೂಕವೂ ಸೇರಿಬಿಡುವುದು, ಅಂದರೆ ವಿದ್ಯುತ್ ಉಪಕರಣದ ಸ್ವಂತ ಗದ್ದಲ. ಮೂರನೆಯದು, ಡಿಟೆಕ್ಟರಿನ ಒಂದು ಕೋಶದ ಬೆಳಕು ಪಕ್ಕದ್ದಕ್ಕೆ ಸೋರದಂತೆ ನಡುವೆ ಗೋಡೆ ಕಟ್ಟಬೇಕು. ಕೋಶ ಚಿಕ್ಕದಾದಷ್ಟೂ ಗೋಡೆಯೇ ಜಾಗ ತಿನ್ನುತ್ತದೆ. ಅದಕ್ಕೇ ಹಳೆಯ ಯಂತ್ರಗಳ ಸ್ಲೈಸ್ ಸಾಮಾನ್ಯವಾಗಿ 0.5 ಅಥವಾ 0.6 ಮಿಲಿಮೀಟರಿಗೆ ನಿಂತಿದೆ.

ಎಣಿಸುವ ಯಂತ್ರದಲ್ಲಿ ಬೆಳಕಿನ ಮಧ್ಯಸ್ಥಿಕೆ ಇಲ್ಲ. ಕ್ಯಾಡ್ಮಿಯಂ ಟೆಲ್ಯುರೈಡ್ ಎಂಬ ಅರೆವಾಹಕದ ಹರಳಿಗೆ ಕಣ ಬಡಿದರೆ ನೇರವಾಗಿ ಒಂದು ವಿದ್ಯುತ್ ಮಿಡಿತ. ಮಿಡಿತದ ಎತ್ತರ ನೋಡಿ ಇದು ಒಂದು ರೂಪಾಯಿಯೋ ಹತ್ತರದೋ ಎಂದು ಬೇರೆ ರಾಶಿಗೆ ಹಾಕುತ್ತದೆ. ತೀರಾ ಸಣ್ಣ ಮಿಡಿತವನ್ನು ಗದ್ದಲ ಎಂದು ಬಿಸಾಡುತ್ತದೆ. ಗೋಡೆ ಬೇಡ, ಕೋಶ ಪುಟ್ಟದಾಗಬಹುದು, ಸ್ಲೈಸ್ 0.2 ಮಿಲಿಮೀಟರಿಗೆ ಇಳಿಯುತ್ತದೆ. ಇಂಥ ಮೊದಲ ಪೂರ್ಣ ಯಂತ್ರ, ಸೀಮೆನ್ಸ್ ಹೆಲ್ತಿನಿಯರ್ಸ್‌ನ ನೇಯೋಟಾಮ್ ಆಲ್ಫಾ, ಅಮೆರಿಕದಲ್ಲಿ ಅನುಮತಿ ಪಡೆದದ್ದು 2021ರ ಸೆಪ್ಟೆಂಬರಿನಲ್ಲಿ. ಎಣಿಸುವವರಿಗೂ ಕಷ್ಟವಿಲ್ಲದಿಲ್ಲ: ನಾಣ್ಯ ಸುರಿದ ವೇಗ ಜಾಸ್ತಿಯಾದರೆ ಎರಡನ್ನು ಒಂದೆಂದು ಎಣಿಸಿಬಿಡುತ್ತಾರೆ, ಇಬ್ಬರ ನಡುವೆ ಬಿದ್ದದ್ದನ್ನು ಇಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಈ ಎರಡೂ ತಪ್ಪು ಈ ಯಂತ್ರದಲ್ಲಿ ನಿಜವಾಗಿಯೂ ಆಗುತ್ತವೆ. ತಿದ್ದುವ ಉಪಾಯಗಳೂ ಇವೆ.

ರಾಶಿ ಬೇರೆ ಮಾಡಿದ್ದರಿಂದ ಬೇಕಾದ ಶಕ್ತಿಯ ಚಿತ್ರವನ್ನು ಆಮೇಲೆ ಕೂತು ತಯಾರಿಸಬಹುದು. ಅಯೋಡಿನ್ ಎಕ್ಸ್‌ರೇಯನ್ನು ಏಕಾಏಕಿ ಹೆಚ್ಚು ಹೀರತೊಡಗುವುದು 33.2 ಕಿಲೋ ಎಲೆಕ್ಟ್ರಾನ್ ವೋಲ್ಟ್ ದಾಟಿದಾಗ. ಅದಕ್ಕೆ ಹತ್ತಿರದ 40ರ ಚಿತ್ರ ಮಾಡಿದರೆ ಮಂಕಾದ ಅಭಿಧಮನಿಯೂ ಬೆಳಗುತ್ತದೆ. ಹಳೆಯ ಯಂತ್ರಗಳಲ್ಲೂ ಎರಡು ಎಕ್ಸ್‌ರೇ ಟ್ಯೂಬು ಇಟ್ಟೋ ಎರಡು ಪದರದ ಡಿಟೆಕ್ಟರ್ ಇಟ್ಟೋ ಇದನ್ನು ಮಾಡುತ್ತಾರೆ, ಆದರೆ ಅಷ್ಟು ಸಣ್ಣ ಕೋಶದ ಜೊತೆಗೆ ಅಲ್ಲ. ನಾವು ಹುಡುಕುವ ಅಭಿಧಮನಿ ರಾಗಿ ಕಾಳಿನಷ್ಟು ಅಗಲ, ಅದೂ ಎಲುಬಿಗೆ ಒತ್ತಿಕೊಂಡು. ಎಲುಬಿನ ಬಿಳಿ ಹೊಳಪು ಉಕ್ಕಿ ಅದನ್ನು ಮುಚ್ಚಿಬಿಡುತ್ತದೆ. ಚೌಕ ಚಿಕ್ಕದಾದಾಗ ಎರಡರ ನಡುವೆ ಒಂದು ಕಪ್ಪು ಗೆರೆ ಸಿಗುತ್ತದೆ. ಡ್ಯೂರಾ ಸೀಳುವ ಮುಳ್ಳಿನ ಮೊನೆಯೂ ಹಾಗೇ.

ಹಾಗಾದರೆ ಹೊಸ ಯಂತ್ರ ಗೆದ್ದಿತೆ? ಮೂರನೆಯ ಬಗೆಗೆ ಅದು ಉತ್ತಮ ಎಂದೇ ನನ್ನ ಅಭಿಪ್ರಾಯ. ಹಳೆಯ ಪರೀಕ್ಷೆಗಳಲ್ಲಿ ಸಿಗದ ಸೋರಿಕೆ ಇದರಲ್ಲಿ ಸಿಕ್ಕ ಉದಾಹರಣೆಗಳನ್ನು ಮೇಯೋದವರು ಪ್ರಕಟಿಸಿದ್ದಾರೆ. ಆದರೆ ಇವುಗಳಲ್ಲಿ ಹೆಚ್ಚಿನವು ಸಣ್ಣ ಸರಣಿಗಳು, ಹಿಂದಿನ ದಾಖಲೆ ತಿರುವಿ ಬರೆದವು. ಒಂದು ಸಲ ಹುಡುಕಿ ಸಿಗದ್ದನ್ನು ಎರಡನೆಯ ಸಲ ಅನುಭವಿಗಳು, ಸರಿಯಾದ ಮಗ್ಗುಲಲ್ಲಿ, ಸರಿಯಾದ ಉಸಿರಿನಲ್ಲಿ ಹುಡುಕಿದರೆ ಯಾವ ಯಂತ್ರದಲ್ಲೂ ಒಂದಷ್ಟು ಸಿಕ್ಕೇ ಸಿಗುತ್ತವೆ. ಅದರಲ್ಲಿ ಡಿಟೆಕ್ಟರಿನ ಪಾಲೆಷ್ಟು, ಮಗ್ಗುಲಿನ ಪಾಲೆಷ್ಟು? ಮೊದಲನೆಯ ಬಗೆಯಲ್ಲಂತೂ ಚೌಕದ ಗಾತ್ರಕ್ಕಿಂತ ಗಡಿಯಾರ ಮುಖ್ಯ. 0.2 ಮಿಲಿಮೀಟರಿನ ಯಂತ್ರದಲ್ಲಿ ಅರ್ಧ ಗಂಟೆ ತಡವಾಗಿ ತೆಗೆದ ಸ್ಕ್ಯಾನಿಗಿಂತ ಹಳೆಯ 64 ಸ್ಲೈಸ್ ಯಂತ್ರದಲ್ಲಿ ಸೂಜಿ ಇರುವಾಗಲೇ ತೆಗೆದದ್ದು ಮೇಲು.

ಓದುವ ಕಣ್ಣಿನ ಕಷ್ಟವನ್ನು ಯಂತ್ರ ಮಾರುವವರು ಹೇಳುವುದಿಲ್ಲ. ಬೆನ್ನಿನ ಉದ್ದ ಸುಮಾರು 60 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. 0.6ರ ಸ್ಲೈಸಾದರೆ 1000 ಚಿತ್ರ, 0.2ರದ್ದಾದರೆ 3000. ಮಗ್ಗುಲಿಗೆ ಎರಡು ಸುತ್ತು, ಎರಡು ಮಗ್ಗುಲು: 12,000. ಅದರಲ್ಲಿ ಒಂದು ಕಡೆ, ಒಂದು ರಾಗಿ ಕಾಳು. ಒಬ್ಬ ರೋಗಿಯ ವಿಷಯ ಹೇಳುತ್ತೇನೆ. ದಿನವಿಡೀ ನಿಂತು ಕೆಲಸ ಮಾಡಬೇಕಾದವರು. ಮಧ್ಯಾಹ್ನದ ಹೊತ್ತಿಗೆ ನಿಲ್ಲಲಾಗದೆ ಬೆಂಚಿನ ಮೇಲೆ ಮಲಗುತ್ತಿದ್ದರು. ಹಳೆಯ ರೀತಿಯ ಮೈಲೋಗ್ರಾಂ ಆಗಿತ್ತು, ‘ಸೋರಿಕೆ ಇಲ್ಲ’ ಎಂದು ವರದಿ. ವರ್ಷಗಳ ನಂತರ ಬಲಮಗ್ಗುಲಲ್ಲಿ ಮತ್ತೆ ಮಾಡಿದಾಗ ಎದೆಯ ಹತ್ತನೆಯ ಕಶೇರುವಿನ ಪಕ್ಕ ಅಭಿಧಮನಿ ತುಂಬಿತ್ತು. ಆಮೇಲೆ ಹಳೆಯ ಸಿ.ಡಿ. ಹಾಕಿ ಅದೇ ಮಟ್ಟಕ್ಕೆ ಹೋದೆ. ಮೂರೇ ಸ್ಲೈಸಿನಲ್ಲಿ, ಮಂಕಾಗಿ, ಅದು ಇತ್ತು. ಆ ವರದಿಗೆ ಸಹಿ ಮಾಡಿದವನು ನಾನೇ. ಎಲ್ಲಿ ನೋಡಬೇಕೆಂದು ಗೊತ್ತಾದ ಮೇಲೆ ಕಾಣುವುದು ಸುಲಭ ಎಂದು ನನಗೆ ನಾನೇ ಹೇಳಿಕೊಂಡರೂ ಸಮಾಧಾನವಾಗಲಿಲ್ಲ.

ಕೊನೆಗೆ ಪ್ರಶ್ನೆಗಳು. ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚಿದ ಮೇಲೆ ಮಗಳಿಗೆ ಎರಡು ದಿನ ಇಂಥದ್ದೇ ತಲೆನೋವು ಬಂದಿತ್ತು, ಈ ಸ್ಕ್ಯಾನ್ ಮಾಡಿಸಬೇಕೆ ಎಂದು ಒಬ್ಬ ತಾಯಿ ಕೇಳಿದರು. ಬೇಡ. ಅದು ಬೀರ್‌ನ ತಲೆನೋವು, ತೂತಿನ ಜಾಗ ಗೊತ್ತಿದೆ, ಹೆಚ್ಚಿನವು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಮುಚ್ಚದಿದ್ದರೆ ರೋಗಿಯದೇ ರಕ್ತ ತೆಗೆದು ಅಲ್ಲಿ ಹಾಕುವ ಬ್ಲಡ್ ಪ್ಯಾಚ್ ಇದೆ. ವಿಕಿರಣ ಜಾಸ್ತಿಯಲ್ಲವೇ ಎಂದು ಇನ್ನೊಬ್ಬರು. ಹೌದು, ಸುತ್ತು ಹೆಚ್ಚಿದಷ್ಟೂ ಹೆಚ್ಚು. ಎಣಿಸುವ ಯಂತ್ರ ಕಡಿಮೆ ಡೋಸಿನಲ್ಲಿ ಅಷ್ಟೇ ಚೆನ್ನಾದ ಚಿತ್ರ ಕೊಡಬಲ್ಲದು. ಆದರೆ ಆಸೆಗೆ ಬಿದ್ದು ನಾವು ಎರಡು ಸುತ್ತು ಹೆಚ್ಚಿಗೆ ತೆಗೆದರೆ ಉಳಿಸಿದ್ದೆಲ್ಲ ಹೋಯಿತು. ಮೂಗಿನಿಂದ ನೀರು ಸೋರುವುದೂ ಇದೇನಾ? ಅಲ್ಲ, ಅದು ತಲೆಬುರುಡೆಯ ತಳದ ಸೋರಿಕೆ, ಅದರ ಹುಡುಕಾಟವೇ ಬೇರೆ. ಈ ನಿಂತರೆ ಬರುವ ತಲೆನೋವಿನ ಮೂಲ ಬಹುಪಾಲು ಬೆನ್ನಿನಲ್ಲೇ.

ಎಲ್ಲ ಮುಗಿದು ಕುರ್ಚಿ ಮಡಚುವಾಗ ಹಿಂದೆ ಕೂತಿದ್ದ ಹುಡುಗಿಯೊಬ್ಬಳು ಬಂದಳು, ರೇಡಿಯೋಗ್ರಫಿ ಓದುತ್ತಿದ್ದಾಳಂತೆ. ‘ಸರ್, ಆಂಜಿಯೋ ಟೇಬಲ್ ಆದರೆ ಓರೆ ಮಾಡಬಹುದು. ಸಿ.ಟಿ. ಟೇಬಲ್ ಓರೆಯಾಗಲ್ಲವಲ್ಲ, ತಲೆ ತಗ್ಗು ಮಾಡೋದು ಹೇಗೆ?’ ಅಷ್ಟು ಹೊತ್ತಿನಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಕೆಲವು ಕಡೆ ಅದಕ್ಕೆಂದೇ ಸ್ಪಂಜಿನ ಇಳಿಜಾರು ಇಟ್ಟುಕೊಂಡಿರುತ್ತಾರೆ. ನಮ್ಮಲ್ಲಿ ಇರಲಿಲ್ಲ. ವಾರ್ಡಿನಿಂದ ಎರಡು ಕಂಬಳಿ ತರಿಸಿ, ನಾಲ್ಕು ಮಡಿಕೆ ಮಾಡಿ ಸೊಂಟದ ಕೆಳಗೆ ಇಡುತ್ತಿದ್ದೆವು. ಮಗ್ಗುಲಾದರೆ ಭುಜದ ಕೆಳಗೆ ಏನೂ ಇಡಬೇಡ, ತಲೆಗೆ ಮಾತ್ರ ಸಣ್ಣ ದಿಂಬು ಕೊಡು, ಇಲ್ಲದಿದ್ದರೆ ಕಾಂಟ್ರಾಸ್ಟ್ ತಲೆಬುರುಡೆಗೆ ಓಡುತ್ತದೆ ಎಂದು ಹೇಳಿದೆ. ಅವಳು ಮೊಬೈಲಿನಲ್ಲಿ ಬರೆದುಕೊಂಡಳು, ಎಷ್ಟು ಮಡಿಕೆ ಎಂದು ಇನ್ನೊಮ್ಮೆ ಕೇಳಿ.